ನೀಲಮ್ಮನ ಅರ್ಜಿಗೆ ನಾನು ಬರೆದ ತಿದ್ದುಪಡಿ ಪತ್ರ

ಮಾನ್ವಿಯ ನೋಂದಣಿ ಕಚೇರಿಯ ಎದುರು, ತಗಡಿನ ಚಪ್ಪರದ ಕೆಳಗೆ ಕುಳಿತು ಹೊಲ-ಮನೆಗಳ ಖರೀದಿ ಪತ್ರ ಬರೆಯುವುದು ನನ್ನ ಕಸುಬಾಗಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಏಟಿಗೆ. ಆದರೆ ಅಕ್ಷರ ಮಾತ್ರ ಮುತ್ತು! ಮಲ್ಲಟದಿಂದ ಚೀಕಲಪರ್ವಿಯವರೆಗೆ ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋದರೂ ನನ್ನ ಲೇಖನಿಯ ಕೆಳಗೆ ಹಾಯ್ದೇ ಹೋಗಬೇಕು. ಅಂಥ ನನಗೆ ಸ್ಥಿರಾಸ್ತಿ ಎಂದರೇನು ಎಂಬುದನ್ನು ಎಲ್ಲೋ ದೂರದ ವಿಶ್ವವಿದ್ಯಾಲಯವೊಂದು ಹೇಳಿಕೊಡುವುದೇ? ನಾನು ನಕ್ಕುಬಿಟ್ಟೆ. ಈ ತಪ್ಪೊಪ್ಪಿಗೆ ಶುರುವಾಗುವುದು ಆ ನಗೆಯಿಂದ.

ವಿಶ್ವವಿದ್ಯಾಲಯ ನಮ್ಮ ಮನೆಗೆ ಬಂದದ್ದು ನನಗಾಗಿ ಅಲ್ಲ, ನನ್ನ ಹೆಂಡತಿ ನೀಲಮ್ಮನಿಗಾಗಿ. ಅವಳು ದೇವದುರ್ಗದ ಶಾಲಾ ಮಾಸ್ತರರ ಮಗಳು. ಪಿಯುಸಿ ಪಾಸು. ಮದುವೆ ಮಾತುಕತೆಯಲ್ಲಿ ಮಾವನವರು ಕೇಳಿದ್ದು ಒಂದೇ: "ಹುಡುಗೀನ ಡಿಗ್ರಿ ಓದಸ್ಬೇಕ್ರಿ." ಮದುವೆಗೆ ಮುಂಚೆ ಯಾವ ಗಂಡು ಯಾವುದಕ್ಕೆ ಇಲ್ಲ ಎಂದಿದ್ದಾನೆ? ಹೂಂ ಎಂದೆ. ಹೂಂ ಎಂದು ಎಂಟು ವರ್ಷ ಮರೆತೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಾವನವರ ಕಣ್ಣು ಮಂಜಾಗತೊಡಗಿತು. ರಾಯಚೂರಿನ ಡಾಕ್ಟರು ನೋಡಿ, ಇದು ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ಇನ್ನು ಮೂರ್ನಾಲ್ಕು ವರ್ಷ ಕಂಡರೆ ಹೆಚ್ಚು ಎಂದರು. ಆ ವಾರ ದೇವದುರ್ಗದಿಂದ ಒಂದು ಕಾರ್ಡು ಬಂತು. ಅಕ್ಷರಗಳು ಸಾಲು ತಪ್ಪಿ ಒಂದರ ಮೇಲೊಂದು ಹತ್ತಿದ್ದವು. "ಮಗಳ ಡಿಗ್ರಿ ಕಾಗದವನ್ನು ಕಣ್ಣಾರೆ ಓದಬೇಕೆಂಬ ಆಸೆ ಒಂದಿದೆ" ಎಂದಷ್ಟೇ ಬರೆದಿದ್ದರು. ನೀಲಮ್ಮ ಆ ಕಾರ್ಡನ್ನು ನನ್ನ ಕೈಗಿಟ್ಟಳು. ಮರುವಾರವೇ ಅಂಚೆ ಶಿಕ್ಷಣದ ಬಿ.ಕಾಂ.ಗೆ ಸೇರಿದಳು. ಹಣಕಾಸು, ವಿಮೆ, ಸ್ಥಿರಾಸ್ತಿ ಅವಳು ಆರಿಸಿಕೊಂಡ ವಿಷಯಗಳು. ಮೂರು ವರ್ಷದ ಓದು. ಮೂರು ವರ್ಷದ ಕಣ್ಣು. ಲೆಕ್ಕ ಸರಿಯಾಗಿತ್ತು. ನಡುವೆ ನಾನೊಬ್ಬ ಇರದಿದ್ದರೆ!

ಪಾಠದ ಲಕೋಟೆಗಳನ್ನು ಅಂಚೆಯವನು ನನ್ನ ಚಪ್ಪರಕ್ಕೇ ತಂದು ಕೊಡುತ್ತಿದ್ದ. "ಬಿ.ಕಾಂ. ಯಾರ್ದ್ರಿ, ನಿಮ್ದೇನು?" ಎಂದು ಮೊದಲ ದಿನ ಹತ್ತು ಜನರೆದುರು ಕೇಳಿದ. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡೆ. ಅಂದಿನಿಂದ ಅರ್ಧ ಮಾನ್ವಿಗೆ ನಾನೇ ಬಿ.ಕಾಂ.!

ಹೆಸರು ಬಂದ ಮೇಲೆ ವಿದ್ಯೆ ಬೇಡವೆ? ನೀಲಮ್ಮ ರೊಟ್ಟಿ ಬಡಿಯುತ್ತ ಪಾಠ ಓದಿಕೊಳ್ಳುವಾಗ ನಾನು ಕಿವಿಗೊಟ್ಟು ಕೂತೆ. ಕಟ್ಟಡದ ಬೆಲೆ ಕಟ್ಟುವ ಪಾಠ ನನಗೆ ಬಹಳ ಹಿಡಿಸಿತು. ಕಲ್ಲು-ಮಣ್ಣಿನ ಮನೆಗೆ ಇಷ್ಟು ವರ್ಷ ಆಯುಸ್ಸು, ವರ್ಷಕ್ಕಿಷ್ಟು ಬೆಲೆ ಇಳಿಕೆ. ಎಂಥ ಸೊಗಸು! ಮುಂದಿನ ಸಲ ದೇವದುರ್ಗಕ್ಕೆ ಹೋದಾಗ ಮಾವನವರ ಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ತೀರ್ಪು ಕೊಟ್ಟೆ.

"ಮಾವ, ಶಾಸ್ತ್ರದ ಪ್ರಕಾರ ಈ ಮನೀಗೆ ಈಗ ಬೆಲೀನ ಇಲ್ಲ. ಆಯುಸ್ಸು ಮುಗದು ಹತ್ತು ವರ್ಷ ಆತು."

ಮಾವನವರು ಕಣ್ಣು ಕಿರಿದಾಗಿಸಿ ನನ್ನತ್ತ ನೋಡಿ ಕೇಳಿದರು: "ನಂಗೂ ಎಪ್ಪತ್ತಾತು, ಅಳಿಯಂದ್ರ. ನನ್ನ ಬೆಲಿ ಎಷ್ಟು ಉಳದದ, ಸ್ವಲ್ಪ ನೋಡ್ರಿ."

ಅಡುಗೆಮನೆಯಿಂದ ನೀಲಮ್ಮ ಕೂಗಿದಳು: "ಕಟ್ಟಡದ ಬೆಲಿ ಇಳೀತದ್ರಿ, ಜಾಗದ ಬೆಲಿ ಏರ್ತದ! ಮುಂದಿನ ಪುಟದಾಗ ಅದ!"

ಅವಳು ಮುಂದಿನ ಪುಟ ಓದುವಾಗ ನಾನು ನಿದ್ದೆ ಹೋಗಿದ್ದೆ.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಅವಳು ಬರೆದ ಉತ್ತರಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮುಂಚೆ ನನ್ನ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಕೊಡುತ್ತೇನೆಂದು ಹಟ ಹಿಡಿದೆ. "ಸ್ಥಿರಾಸ್ತಿಯ ಲಕ್ಷಣಗಳನ್ನು ವಿವರಿಸಿ" ಎಂಬುದು ಪ್ರಶ್ನೆ. ಅವಳ ಉತ್ತರ ನನಗೆ ಬರೀ ಬೋಳು ಎನಿಸಿತು. ಸ್ಥಿರಾಸ್ತಿ ಎಂದ ಮೇಲೆ ಚಕ್ಕುಬಂದಿ ಬೇಡವೆ? ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಲ್ಲೂರಿನ ದಾರಿ, ಉತ್ತರ ದಕ್ಷಿಣಕ್ಕೆ ಅನುಕ್ರಮವಾಗಿ ಅಣ್ಣತಮ್ಮಂದಿರ ಹೊಲ ಎಂದು ನಾಲ್ಕೂ ದಿಕ್ಕು ಕಟ್ಟಿದೆ. ಕೊನೆಗೆ "ಸ್ವಸಂತೋಷದಿಂದ ಬರೆದುಕೊಟ್ಟ ಉತ್ತರ ಸಹಿ" ಎಂದು ಮುಗಿಸಿ, ಸಾಕ್ಷಿಗೆಂದು ಪಕ್ಕದ ಮನೆಯ ಬಳೆಗಾರ್ತಿ ಖಾಜಾಬಿಯ ಹೆಬ್ಬೆಟ್ಟು ಒತ್ತಿಸಿಕೊಂಡೆ.

"ಭಾಯಿಸಾಬ್, ಇದು ಯಾರ ಹೊಲ?" ಎಂದಳು ಖಾಜಾಬಿ.

"ಹೊಲ ಅಲ್ಲ, ಉತ್ತರ."

"ಯಾ ಅಲ್ಲಾ! ಉತ್ತರಕ್ಕ ಸಾಕ್ಷಿ ಎದಕ್ಕ? ಕೇಳಿದವ್ರು ನಂಬಂಗಿಲ್ಲೇನು?"

ತಿಂಗಳ ನಂತರ ಉತ್ತರ ಹಿಂತಿರುಗಿತು. ಕೆಂಪು ಶಾಯಿಯಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು: "ವಿಷಯ ಜ್ಞಾನ ಉತ್ತಮ. ಸಾಕ್ಷಿದಾರರ ಅಗತ್ಯವಿಲ್ಲ." ನೀಲಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಲೇಖನಿಗೂ ಅವಳ ಕಾಗದಕ್ಕೂ ಯಾವುದೇ ಸಂಬಂಧ ಇರತಕ್ಕದ್ದಲ್ಲ ಎಂದು ಆಜ್ಞೆಯಾಯಿತು.

ಎರಡು ವರ್ಷ ಆ ಆಜ್ಞೆಯನ್ನು ಪಾಲಿಸಿದೆ. ಅವಳು ಎರಡೂ ವರ್ಷ ಪಾಸಾದಳು. ಈ ಎರಡು ಸಂಗತಿಗಳ ನಡುವಿನ ನಂಟು ನನಗೆ ಆಗ ಹೊಳೆಯಲಿಲ್ಲ!

ಕೊನೆಯ ವರ್ಷದ ಪರೀಕ್ಷಾ ಅರ್ಜಿ ತುಂಬಿದ ದಿನವೇ ಮಾವನವರು ಹೊಸ್ತಿಲು ಕಾಣದೆ ಎಡವಿ ಬಿದ್ದ ಸುದ್ದಿ ಬಂತು. ನೀಲಮ್ಮ ದೇವದುರ್ಗದ ಬಸ್ಸು ಹತ್ತುತ್ತ ಲಕೋಟೆಯನ್ನು ನನ್ನ ಕೈಗೆ ಕೊಟ್ಟಳು.

"ಎಲ್ಲಾ ಬರದೀನ್ರಿ. ಇವತ್ತ ಪೋಸ್ಟ್ ಮಾಡ್ರಿ. ತೆಗೀಬ್ಯಾಡ್ರಿ, ಓದಬ್ಯಾಡ್ರಿ, ಕೈ ಮುಗಿತೀನಿ."

"ನಾ ಏನು ಸಣ್ಣ ಹುಡುಗನೇನ?" ಎಂದೆ.

ಬಸ್ಸು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಲಕೋಟೆ ತೆಗೆದಿದ್ದೆ.

ನೋಡುತ್ತೇನೆ, ಅರ್ಜಿಯ ತುಂಬ ಖಾಲಿ ಜಾಗ! ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಪತ್ರದಲ್ಲಿ ಖಾಲಿ ಜಾಗ ಬಿಡುವುದೆಂದರೆ ಕಳ್ಳನಿಗೆ ಬಾಗಿಲು ತೆಗೆದಿಟ್ಟಂತೆ. ಸಾಲಿನ ಕೊನೆಗೆ ಎರಡು ಬೆರಳು ಜಾಗ ಸಿಕ್ಕರೆ ಸಾಕು, ಮಾರಿದವನ ಬಾವಿಯೂ ಬೇವಿನ ಮರವೂ ನಾಳೆ ಅದರೊಳಗೆ ಸೇರಿಬಿಡುತ್ತವೆ. ಆದ್ದರಿಂದ ಖಾಲಿ ಕಂಡಲ್ಲೆಲ್ಲ ನಾವು ಗೆರೆ ಎಳೆದು ಮುಚ್ಚುತ್ತೇವೆ. ಕೈ ತಾನಾಗಿಯೇ ಎಳೆಯಿತು. "ಕಚೇರಿ ಉಪಯೋಗಕ್ಕೆ ಮಾತ್ರ" ಎಂಬ ಚೌಕವಂತೂ ಅಂಗಳದಷ್ಟು ದೊಡ್ಡದಿತ್ತು. ಇರುವೆ ನುಗ್ಗಲೂ ಜಾಗ ಬಿಡದಂತೆ ಮೂಲೆಯಿಂದ ಮೂಲೆಗೆ ಗೆರೆ ಹೊಡೆದೆ. ಕೆಳಗೆ ಪದ್ಧತಿಯಂತೆ "ಹೊಡೆದು ಹಾಕಿದ್ದು ಒಟ್ಟು ಹದಿನೇಳು, ಸರಿ ಇದೆ" ಎಂದು ಬರೆದು, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಎದೆಯುಬ್ಬಿಸಿ ಚಹಾ ಕುಡಿದೆ.

ಇಪ್ಪತ್ತು ದಿನಕ್ಕೆ ವಿಶ್ವವಿದ್ಯಾಲಯದಿಂದ ನೀಲಮ್ಮನ ಹೆಸರಿಗೆ ಕಾಗದ ಬಂತು. ಚಪ್ಪರದಲ್ಲೇ ಒಡೆದೆ. "ಅರ್ಜಿಯನ್ನು ತಾವೇ ಹೊಡೆದು ಹಾಕಿರುವುದರಿಂದ ಪರೀಕ್ಷೆಯಿಂದ ಹಿಂದೆ ಸರಿದಿದ್ದೀರಿ ಎಂದು ಭಾವಿಸಲಾಗಿದೆ. ಹಾಗಲ್ಲದಿದ್ದರೆ ಹದಿನೈದು ದಿನದೊಳಗೆ ಹೊಸ ಅರ್ಜಿ ಕಳಿಸುವುದು."

ಹದಿನೈದು ದಿನವಿತ್ತು. ನೀಲಮ್ಮ ಅಷ್ಟರಲ್ಲಿ ದೇವದುರ್ಗದಿಂದ ಮರಳಿ ಮನೆಯಲ್ಲೇ ಓದುತ್ತಿದ್ದಳು. ಹೇಳಿದ್ದರೆ ಅಂದೇ ಹೊಸ ಅರ್ಜಿ ತುಂಬುತ್ತಿದ್ದಳು. ನಾನು ಹೇಳಲಿಲ್ಲ. ಲಕೋಟೆ ತೆಗೆದದ್ದು ತಿಳಿಯುತ್ತದೆಂಬ ನಾಚಿಕೆ ಒಂದು. ಇನ್ನೊಂದನ್ನು ಈ ವಯಸ್ಸಿನಲ್ಲಾದರೂ ಹೇಳಿಬಿಡಬೇಕು. ಆ ದಿನಗಳಲ್ಲಿ ಓಣಿಯ ಜನ ವಿಮೆ ಕಾಗದ ಓದಿಸಲು, ಬ್ಯಾಂಕಿನ ಅರ್ಜಿ ತುಂಬಿಸಲು ಅವಳ ಬಳಿ ಹೋಗತೊಡಗಿದ್ದರು. ಅದೂ ನನ್ನ ಚಪ್ಪರದ ಮುಂದೆಯೇ ಹಾಯ್ದು! ಒಂದು ವರ್ಷ ತಡವಾದರೇನಾಯಿತು ಎಂದು ನನ್ನೊಳಗೆ ಯಾವನೋ ಗೊಣಗಿದ. ಆ ಯಾವನೋ ನಾನೇ.

ಹಾಗೆಂದು ಕೈಕಟ್ಟಿ ಕೂರಲಿಲ್ಲ. ಖರೀದಿ ಪತ್ರದಲ್ಲಿ ತಪ್ಪಾದರೆ ನಾವು ಛಾಪಾ ಕಾಗದದ ಮೇಲೆ ತಿದ್ದುಪಡಿ ಪತ್ರ ಬರೆಯುತ್ತೇವೆ. ಅದನ್ನೇ ಬರೆದೆ: "ಮಾನ್ವಿ ನಿವಾಸಿ ನೀಲಮ್ಮ ಇವರ ಅರ್ಜಿಯಲ್ಲಿ ಕೈತಪ್ಪಿನಿಂದ ಎಳೆಯಲಾದ ಹದಿನೇಳು ಗೆರೆಗಳನ್ನು ಈ ಮೂಲಕ ರದ್ದುಪಡಿಸಲಾಗಿದ್ದು, ಸದರಿ ಗೆರೆಗಳು ಎಳೆಯಲ್ಪಟ್ಟೇ ಇಲ್ಲವೆಂದು ಭಾವಿಸತಕ್ಕದ್ದು. ಇದಕ್ಕೆ ನನ್ನ ವಾರಸುದಾರರ ಯಾವುದೇ ತಕರಾರು ಇರುವುದಿಲ್ಲ." ಇಷ್ಟು ಚೊಕ್ಕ ಪತ್ರವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಬೇಕಾದದ್ದು ಒಂದು ಹಾಳೆಯ ಹೊಸ ಅರ್ಜಿ! ಉತ್ತರ ಬರಲಿಲ್ಲ. ಹದಿನೈದು ದಿನ ಕಳೆದವು.

"ಹಾಲ್ ಟಿಕೆಟ್ ಇನ್ನೂ ಬಂದಿಲ್ಲಲ್ರಿ?" ಎಂದು ನೀಲಮ್ಮ ದಿನವೂ ಕೇಳುತ್ತಿದ್ದಳು.

"ಸೆಂಟರ್‌ನಾಗ ಕೊಡ್ತಾರ" ಎಂದೆ. ದೇವರು ದೊಡ್ಡವನು ಎಂದುಕೊಂಡೆ. ದೇವರಿಗೆ ಬೇರೆ ಕೆಲಸವಿತ್ತು.

ಪರೀಕ್ಷೆಯ ದಿನ ಇಬ್ಬರೂ ಮುಂಜಾನೆಯ ಬಸ್ಸಿಗೆ ರಾಯಚೂರಿಗೆ ಹೋದೆವು. ದಾರಿಯುದ್ದಕ್ಕೂ ಅವಳು ತುಟಿಯಲ್ಲೇ ವಿಮೆಯ ತತ್ವಗಳನ್ನು ಮಣಮಣಿಸುತ್ತಿದ್ದಳು. ಕಾಲೇಜಿನ ಹಲಗೆಗೆ ಅಂಟಿಸಿದ ಪಟ್ಟಿಯ ಮೇಲೆ ಅವಳ ಬೆರಳು ಮೇಲಿನಿಂದ ಕೆಳಗೆ ಮೂರು ಸಲ ಇಳಿಯಿತು. ಒಳಗಿದ್ದ ಗುಮಾಸ್ತರು ಕಡತ ತಿರುವಿ, "ನೀವ ಹಿಂದ ಸರದೀರಲ್ಲಮ್ಮಾ. ಕಾಗದಾನೂ ಬರದಾರ ನಿಮಗ" ಎಂದರು.

ನೀಲಮ್ಮ ನನ್ನತ್ತ ತಿರುಗಿದಳು. ನಾನು ಚಪ್ಪಲಿ ನೋಡಿಕೊಂಡೆ.

ಗಂಟೆ ಹೊಡೆಯಿತು. ಹುಡುಗ ಹುಡುಗಿಯರೆಲ್ಲ ಒಳಗೆ ಹೋದರು. ನಾವಿಬ್ಬರೇ ಮೆಟ್ಟಿಲ ಮೇಲೆ ಉಳಿದೆವು. ಎಲ್ಲವನ್ನೂ ಹೇಳಿದೆ. ಗೆರೆ, ಕಾಗದ, ತಿದ್ದುಪಡಿ ಪತ್ರ, ಎಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಕಾಗದ ಬಂದು ಎಷ್ಟು ದಿನ ಆತ್ರಿ?"

"ತಿಂಗಳಾತು."

"ಅಪ್ಪನ ಕಣ್ಣಿಗೆ ಒಂದು ತಿಂಗಳು ಅಂದ್ರ ಎಷ್ಟು, ಗೊತ್ತೇನ್ರಿ ನಿಮಗ?"

ಅವಳು ಚೀಲದಿಂದ ಡಬ್ಬಿ ತೆಗೆದು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಮುಂದೆ ಸರಿಸಿದಳು. "ಉಣ್ರಿ. ಮುಂಜಾನಿಂದ ಏನೂ ತಿಂದಿಲ್ಲ ನೀವು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರೊಟ್ಟಿಯನ್ನು ಮಡಿಸಿ ಮತ್ತೆ ಡಬ್ಬಿಗೇ ಹಾಕಿದೆ.

ಮಾನ್ವಿಗೆ ಮರಳಿದ ಮೇಲೆ ಅವಳ ಪಾಲಿನ ಬೈಗುಳವನ್ನೂ ಸೇರಿಸಿ ಖಾಜಾಬಿ ಬೈದಳು. "ಇಪ್ಪತ್ತು ವರ್ಷ ಬಳಿ ಬುಟ್ಟಿ ಹೊತ್ತೀನಿ ಭಾಯಿಸಾಬ್, ಎಷ್ಟೋ ಸಲ ಬಿದ್ದೀನಿ. ನೀವು ಕುಂತಲ್ಲೇ ಒಡದಷ್ಟು ನಾ ಒಡದಿಲ್ಲ!"

ಮುಂದಿನ ವರ್ಷ ನೀಲಮ್ಮ ಅರ್ಜಿಯನ್ನು ತಾನೇ ತುಂಬಿ, ತಾನೇ ಅಂಚೆ ಕಚೇರಿಗೆ ನಡೆದುಹೋದಳು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು! ಓದುವ ತಿಂಗಳುಗಳಲ್ಲಿ ಒಲೆ ನನ್ನದಾಯಿತು. ನಾನು ಬಡಿದ ಮೊದಲ ರೊಟ್ಟಿಯನ್ನು ಅವಳು ಬೆಳಕಿಗೆ ಹಿಡಿದು, "ಇದು ಯಾವ ತಾಲ್ಲೂಕಿನ ನಕಾಶಿರಿ?" ಎಂದಳು. ಒಂದು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ತಮಾಷೆ ಅದು. ಆ ರೊಟ್ಟಿಯನ್ನು ಪೂರ್ತಿ ನಾನೇ ತಿಂದೆ. ಹಲ್ಲು ಆಗ ಗಟ್ಟಿ ಇದ್ದವು.

ಪಾಸಾದಳು. ಎರಡನೇ ದರ್ಜೆ. ಪದವಿಯ ಕಾಗದ ಹಿಡಿದು ದೇವದುರ್ಗಕ್ಕೆ ಹೋದೆವು. ಮಾವನವರು ಪಡಸಾಲೆಯಲ್ಲಿ ಕೂತಿದ್ದರು. ಹಿಂದಿನ ವರ್ಷ ದಪ್ಪ ಅಕ್ಷರ ಓದುತ್ತಿದ್ದ ಕಣ್ಣು ಈಗ ಬಾಗಿಲ ಬೆಳಕನ್ನಷ್ಟೇ ಗುರುತಿಸುತ್ತಿತ್ತು. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು.

"ಯಾವ ಸಾಲಿನಾಗ ಅದವ್ವಾ ನಿನ್ನ ಹೆಸರು?"

ನೀಲಮ್ಮ ಅವರ ಬೆರಳನ್ನು ಹಿಡಿದು ತನ್ನ ಹೆಸರಿನ ಮೇಲೆ ಇಟ್ಟಳು. ಅವರು ಆ ಬೆರಳನ್ನು ಅಲ್ಲಿಂದ ಎತ್ತಲೇ ಇಲ್ಲ. "ಅಕ್ಷರ ಛಂದ ಬಿದ್ದಾವ" ಎಂದರು. "ಅಳಿಯಂದ್ರೂ ಬಹಳ ಸಹಾಯ ಮಾಡಿರಬೇಕು."

ನಾನು ನೀಲಮ್ಮನ ಮುಖ ನೋಡಿದೆ.

"ಹೌದಪ್ಪಾ" ಎಂದಳು ಅವಳು. "ಅವ್ರಿಲ್ಲದಿದ್ರ ಇಷ್ಟು ಓದ್ತಿದ್ದಿಲ್ಲ ನಾ."

ಅವರು ತೀರಿಕೊಳ್ಳುವವರೆಗೂ ಅದನ್ನೇ ನಂಬಿದ್ದರು. ನಾನೂ ನಿಜ ಹೇಳಲಿಲ್ಲ.

ಆಮೇಲೆ ನೀಲಮ್ಮ ವಿಮೆಯ ಏಜೆಂಟಾದಳು. ಸುತ್ತಲ ಹಳ್ಳಿಗಳಲ್ಲೆಲ್ಲ ಅವಳಿಗೆ ಹೆಸರು ಬಂತು. ನನಗೂ ಬಂತು: ವಿಮಾ ಬಾಯಿಯ ಗಂಡ! ಒಂದು ಭಾನುವಾರ ನನ್ನ ಹೆಸರಿನಲ್ಲೂ ಒಂದು ಪಾಲಿಸಿ ಮಾಡಲು ಎದುರಿಗೆ ಕೂರಿಸಿಕೊಂಡು, ಪರಕೀಯರನ್ನು ಕೇಳುವಂತೆ ಒಂದೊಂದೇ ಪ್ರಶ್ನೆ ಕೇಳುತ್ತ ಅರ್ಜಿ ತುಂಬತೊಡಗಿದಳು. ವಯಸ್ಸು. ಎತ್ತರ. ಕುಡಿತ ಉಂಟೋ. ನಾನು ಮುಖದಲ್ಲಿ ಗಂಭೀರತೆ ತಂದುಕೊಂಡು ಉತ್ತರಿಸುತ್ತಿದ್ದೆ.

"ಈ ಹಿಂದ ಏನಾದ್ರೂ ಅಪಘಾತ ಆಗೇದೇನ್ರಿ?"

"ಇಲ್ಲ."

ಲೇಖನಿ ನಿಂತಿತು. ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ "ಇಲ್ಲ" ಎಂದೇ ಬರೆದಳು.

"ಖರೇನ. ನಿಮಗ ಆಗಿಲ್ಲ," ಎಂದಳು. "ನಿಮ್ಮಿಂದ ಆಗೇದ. ಅದಕ್ಕ ಇಲ್ಲಿ ಕಾಲಂ ಕೊಟ್ಟಿಲ್ಲ."