ಎರಡು ಚಕ್ರದ ಕಾರ್ಬನ್ನಿನ ವಿಲೇವಾರಿ ಕುರಿತು

ಲೇಖನ ಸಾಮಗ್ರಿ ಶಾಖೆ, ಮೂರನೇ ಮಹಡಿ
ಸುತ್ತೋಲೆ ಸಂಖ್ಯೆ: ಲೇಸಾ/ಕಾರ್ಬನ್/ಸವಾರಿ/೮/ನಾಲ್ಕನೇ ಕರಡು

ವಿಷಯ: ದಾಸ್ತಾನಿನಲ್ಲಿರುವ ಕಾರ್ಬನ್ (ಕಪ್ಪು, ಸೈಕಲ್ ಆಕಾರದ್ದು, ಒಂದು): ಎಂಟು ವರ್ಷಗಳ ಬಳಕೆಯ ಅನುಭವ ಹಾಗೂ ವಿಲೇವಾರಿ.

ಉಲ್ಲೇಖ: ೧) ವಾರ್ಷಿಕ ದಾಸ್ತಾನು ತಪಾಸಣೆ ವರದಿ. ೨) ಸದರಿ ವರದಿಯನ್ನು ಓದಿ ಅಧೀಕ್ಷಕರು ಹುಬ್ಬು ಗಂಟಿಕ್ಕಿದ ದಿನದ ಟಿಪ್ಪಣಿ. ೩) ಗರಗಸಕ್ಕಾಗಿ ಸಲ್ಲಿಸಿದ ಬೇಡಿಕೆ ಪತ್ರ.

ಪ್ರಸ್ತಾವನೆ:

"ಸದರಿ ಸೈಕಲ್ಲು" ಎಂದು ಬರೆಯುವುದೋ, "ನನ್ನ ಸೈಕಲ್ಲು" ಎಂದು ಬರೆದೇಬಿಡುವುದೋ? ಲೇಖನಿಯ ತುದಿ ಹಾಳೆಗೆ ತಾಗಿದಲ್ಲೇ ನಿಂತು, ಶಾಯಿಯ ಚುಕ್ಕೆ ಸಾಸಿವೆಯಷ್ಟಿದ್ದದ್ದು ಬಟಾಣಿಯಷ್ಟಾಗುವವರೆಗೂ ರವಾನೆ ಗುಮಾಸ್ತರು ಯೋಚಿಸಿದರು. ಹೇಳಿದರೆ ಒಬ್ಬರ ಮನಸ್ಸು ಒಡೆಯುತ್ತದೆ, ಹೇಳದಿದ್ದರೆ ಸೈಕಲ್ಲೇ ಒಡೆಯುತ್ತದೆ. ಕೊನೆಗೆ "ಸದರಿ" ಎಂದೇ ಬರೆಯಲಾಯಿತು. ಸುತ್ತೋಲೆಯ ಪ್ರಸ್ತಾವನೆಯನ್ನು ಈ ಕಚೇರಿಯಲ್ಲಿ ಯಾರೂ ಓದದಿರುವುದರಿಂದ, ನಿಜ ಸಂಗತಿಯನ್ನು ಬರೆದಿಡಲು ಇದಕ್ಕಿಂತ ಸುರಕ್ಷಿತ ಸ್ಥಳ ಬೇರೊಂದಿಲ್ಲವೆಂದು ಮನಗಂಡು, ಮೊದಲ ಕರಡಿನಲ್ಲೇ ಈ ಕೆಳಗಿನದನ್ನು ದಾಖಲಿಸಿ, ಮುಂದಿನ ಕರಡುಗಳಲ್ಲೂ ಹಾಗೆಯೇ ಉಳಿಸಲಾಗಿದೆ.

ಎಂಟು ವರ್ಷಗಳ ಹಿಂದೆ ಒಂದು ಶನಿವಾರ ಕೆಲಸಕ್ಕೆ ಸೇರಿದ ರವಾನೆ ಗುಮಾಸ್ತರು, ಮೂರು ವರ್ಷ ಮನೆಪಾಠ ಹೇಳಿ ಕೊಂಡಿದ್ದ, ಕಬ್ಬಿಣದ ಬದಲು ಕಾರ್ಬನ್ ನಾರಿನಿಂದ ಮಾಡಿದ ಹೊಸ ಸೈಕಲ್ಲನ್ನು ಹೊರಗೆ ನಿಲ್ಲಿಸಲು ಮನಸ್ಸಾಗದೆ, ಹೆಗಲ ಮೇಲೆ ಹೊತ್ತು ಮಹಡಿ ಹತ್ತಿದರು. ಉಗ್ರಾಣದ ಬಾಗಿಲಲ್ಲಿ ಕುಳಿತಿದ್ದ ಉಗ್ರಾಣಪಾಲಕರು, "ಏನಪ್ಪಾ ಅದು?" ಎಂದು ಕೇಳಿದರು. ಅದು ಯಾವುದರಿಂದ ಮಾಡಿದ್ದೆಂದು ಕೇಳುತ್ತಿದ್ದಾರೆ ಎಂದುಕೊಂಡ ಗುಮಾಸ್ತರು, ಮೊದಲೇ ಮಾತು ಕಡಿಮೆ, "ಕಾರ್ಬನ್" ಎಂದಷ್ಟೇ ಹೇಳಿದರು. ಉಗ್ರಾಣಪಾಲಕರು ಕಾರ್ಬನ್ ಹಾಳೆಗಾಗಿ ಹನ್ನೊಂದು ಬೇಡಿಕೆ ಪತ್ರ ಬರೆದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಕಾಲವದು. "ಅಂತೂ ಬಂತಲ್ಲಪ್ಪಾ!" ಎಂದು ಎದ್ದು ನಿಂತರು. ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಕಾಗದದ ಹಾಗೇ ಹಗುರ ಇದೆ. ಈಗಿನವರು ಏನೇನೋ ಆಕಾರದಲ್ಲಿ ಮಾಡ್ತಾರೆ, ನಮಗೇನು ಗೊತ್ತಾಗುತ್ತೆ" ಎಂದು ಹೇಳಿ ದಾಸ್ತಾನು ವಹಿಯಲ್ಲಿ ಏರಿಸಿಕೊಂಡರು. ಅವರ ಮುಖ ಅರಳಿದ್ದನ್ನು ಕಂಡು, ಅಲ್ಲವೆನ್ನಲು ಗುಮಾಸ್ತರಿಗೆ ನಾಲಿಗೆ ಏಳಲಿಲ್ಲ. ಮರುದಿನ ಹೇಳೋಣವೆಂದುಕೊಂಡರು. ಮರುದಿನ ಭಾನುವಾರ. ಸೋಮವಾರ ಧೈರ್ಯವಿರಲಿಲ್ಲ. ಅಂದಿನಿಂದ ಅವರು ಪ್ರತಿದಿನ ಸಂಜೆ "ಮನೆಯಲ್ಲಿ ಕಚೇರಿ ಕೆಲಸಕ್ಕಾಗಿ ಕಾರ್ಬನ್, ಒಂದು" ಎಂದು ರುಜು ಹಾಕಿ ತಮ್ಮದೇ ಸೈಕಲ್ಲನ್ನು ಪಡೆದು, ಬೆಳಿಗ್ಗೆ ರುಜು ಹಾಕಿ ಹಿಂತಿರುಗಿಸುತ್ತ ಬಂದಿರುತ್ತಾರೆ.

ಕಾರ್ಬನ್ನಿನ ಆಯುಷ್ಯ ಎರಡು ವರ್ಷವೆಂದೂ, ಅವಧಿ ಮೀರಿದ್ದನ್ನು ಇಬ್ಬರು ಸಾಕ್ಷಿಗಳ ಎದುರು ನಾಲ್ಕು ತುಂಡಾಗಿ ಹರಿಯತಕ್ಕದ್ದೆಂದೂ ನಿಯಮವಿದೆ. ಆರು ವರ್ಷ ಯಾರಿಗೂ ನೆನಪಾಗದ ಈ ನಿಯಮ ಈ ಸಲದ ತಪಾಸಣೆಯಲ್ಲಿ ಅಧೀಕ್ಷಕರಿಗೆ ನೆನಪಾಗಿದೆ. ಉಗ್ರಾಣಪಾಲಕರು ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಅವರು ಬರೆದ ದಾಸ್ತಾನು ವಹಿಯಲ್ಲಿ ಒಂದು ತಿದ್ದುಪಡಿಯಿಲ್ಲ, ಒಂದು ಕಾಟು ಹೊಡೆದ ಗುರುತಿಲ್ಲ. ಅದೊಂದನ್ನೇ ಅವರು ಮನೆಗೆ ಬಂದವರಿಗೆಲ್ಲ ಹೇಳಿಕೊಳ್ಳುವುದು. ಗುಮಾಸ್ತರು ಬಾಯಿ ಬಿಟ್ಟರೆ ಆ ವಹಿಗೆ ಕೆಂಪು ಗೀಟು ಬೀಳುತ್ತದೆ. ಬಿಡದಿದ್ದರೆ ಸೈಕಲ್ಲಿಗೆ ಗರಗಸ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ, ಶಾಖೆಯ ಸಮಸ್ತ ಸಿಬ್ಬಂದಿಯ ತಿಳುವಳಿಕೆಗೆ ಹಾಗೂ ತಿಳಿಯದಿದ್ದಲ್ಲಿ ಪಾಲನೆಗೆ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

೧. ಕಾರ್ಬನ್ ಎಂದರೆ ದಾಸ್ತಾನು ವಹಿಯಲ್ಲಿ ಕಾರ್ಬನ್ ಎಂದು ಬರೆದಿರುವುದು. ಚಕ್ರಗಳಿವೆ ಎಂಬ ಒಂದೇ ಕಾರಣಕ್ಕೆ ಯಾವುದೇ ಲೇಖನ ಸಾಮಗ್ರಿಯನ್ನು ವಾಹನವೆಂದು ಕರೆಯತಕ್ಕದ್ದಲ್ಲ. ಅಧೀಕ್ಷಕರ ಕುರ್ಚಿಗೂ ಚಕ್ರಗಳಿದ್ದು, ಅದು ಎಲ್ಲಿಗೂ ಹೋದ ದಾಖಲೆಯಿಲ್ಲ. ತಪಾಸಣೆಯ ದಿನ ಬೆರಳಚ್ಚುಗಾರ್ತಿಯವರು "ಸಾರ್, ಇದು ಸೈಕಲ್ ಅಲ್ವಾ?" ಎಂದು ಕೇಳಿದ್ದಕ್ಕೆ, ಅಧೀಕ್ಷಕರು "ವಹಿಯಲ್ಲಿ ಕಾರ್ಬನ್ ಅಂತಿದೆ. ವಹಿಗಿಂತ ನಿಮ್ಮ ಕಣ್ಣು ದೊಡ್ಡದೇನಮ್ಮಾ?" ಎಂದು ಉತ್ತರಿಸಿದ್ದನ್ನೇ ಈ ವಿಷಯದಲ್ಲಿ ಅಂತಿಮ ಆದೇಶವೆಂದು ಭಾವಿಸತಕ್ಕದ್ದು.

೨. ಸದರಿ ಕಾರ್ಬನ್ನಿನ ಮೇಲೆ "ಎಲ್ಲ ರಸ್ತೆಗೂ" ಎಂಬರ್ಥದ ಚೀಟಿ ಅಂಟಿಸಿರುತ್ತದೆ. ಇಲ್ಲಿ ರಸ್ತೆ ಎಂದರೆ ಡಾಂಬರು ಹಾಕಿದ್ದು, ಹಾಕಲಿರುವುದು, ಹಾಕಿದ್ದು ಎದ್ದು ಹೋಗಿರುವುದು, ಹಾಗೂ ಪೈಪಿಗಾಗಿ ಅಗೆದು ಪೈಪನ್ನೇ ಮರೆತಿರುವುದು. ಈ ನಾಲ್ಕೂ ಬಗೆಯಲ್ಲಿ ಎಂಟು ವರ್ಷ ಸಾಗಿಯೂ ಫ್ರೇಮಿಗೆ ಒಂದು ಗೀರು ಬಿಟ್ಟರೆ ಬೇರೆ ಹಾನಿಯಿಲ್ಲ. ಗೀರು ಕೂಡ ರಸ್ತೆಯಲ್ಲಿ ಆದದ್ದಲ್ಲ, ಉಗ್ರಾಣದ ಕಬ್ಬಿಣದ ಬೀರುವಿನ ಬಾಗಿಲಿನಿಂದ ಆದದ್ದು. ಮೂರನೇ ಮಹಡಿಯ ಪಡಸಾಲೆ ರಸ್ತೆಯಲ್ಲ. ಅಲ್ಲಿ ಕಡತ ಸಾಗುವ ವೇಗ ನೋಡಿದರೆ ಅದೂ ಗುಂಡಿ ಬಿದ್ದ ರಸ್ತೆಯೇ ಎಂದು ಬೆರಳಚ್ಚುಗಾರ್ತಿಯವರು ಭಿನ್ನಾಭಿಪ್ರಾಯ ದಾಖಲಿಸಿರುತ್ತಾರೆ.

೩. ನಾಲ್ಕನೇ ವರ್ಷದಲ್ಲಿ ಸದರಿ ಕಾರ್ಬನ್ನು ಪೆಡಲ್ ತುಳಿದಾಗಲೆಲ್ಲ "ಕಿರ್ರ್" ಎನ್ನತೊಡಗಿತು. ಗುಮಾಸ್ತರು ಪೆಡಲ್, ಚೈನು, ಸೀಟಿನ ಕೊಳವೆ, ಹ್ಯಾಂಡಲಿನ ತಿರುಪು ಎಲ್ಲವನ್ನೂ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಮತ್ತೆ ಕೂಡಿಸಿ ಹದಿನಾಲ್ಕು ತಿಂಗಳು ಹುಡುಕಲಾಗಿ, ಶಬ್ದವು ಅವರ ಬಲಗಾಲಿನ ಬೂಟಿನದೆಂದು ಕಂಡುಬಂದಿರುತ್ತದೆ. ಇನ್ನು ಮುಂದೆ ಯಾವುದೇ ಶಬ್ದ ಕೇಳಿಬಂದಲ್ಲಿ ಮೊದಲು ಮನುಷ್ಯನನ್ನು, ನಂತರ ಪಾದರಕ್ಷೆಯನ್ನು, ಕಟ್ಟಕಡೆಗೆ ಕಾರ್ಬನ್ನನ್ನು ತಪಾಸಣೆಗೆ ಒಳಪಡಿಸತಕ್ಕದ್ದು. ಅಧೀಕ್ಷಕರು ಕುರ್ಚಿಯಿಂದ ಏಳುವಾಗ ಬರುವ ಶಬ್ದವು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಅದು ಕುರ್ಚಿಯದಲ್ಲ.

೪. ಸೀಟು ವರ್ಷಕ್ಕೆ ಅರ್ಧ ಬೆರಳಿನಷ್ಟು ತಾನಾಗಿಯೇ ಕೆಳಗೆ ಇಳಿಯುತ್ತದೆ. ಇದನ್ನು ಅರಿಯದ ಗುಮಾಸ್ತರು ತಾವೇ ಎತ್ತರವಾಗುತ್ತಿರುವುದಾಗಿ ಭಾವಿಸಿ ಎರಡು ಪ್ಯಾಂಟುಗಳ ಅಂಚು ಬಿಚ್ಚಿಸಿರುತ್ತಾರೆ. ಸದರಿ ಪ್ಯಾಂಟುಗಳಿಗೆ ಶಾಖೆಯು ಹೊಣೆಯಲ್ಲ.

೫. ಶಾಖೆಗೆ ಬಂದವರೆಲ್ಲರೂ ಕಾರ್ಬನ್ನನ್ನು ಎತ್ತಿ ನೋಡಿ "ಅಯ್ಯೋ, ಎಷ್ಟು ಹಗುರ!" ಎನ್ನುವುದರಿಂದ ದಿನಕ್ಕೆ ಸರಾಸರಿ ನಲವತ್ತು ನಿಮಿಷ ನಷ್ಟವಾಗುತ್ತಿದೆ. ಇನ್ನು ಮುಂದೆ ಒಬ್ಬರು ಒಂದೇ ಬಾರಿ ಎತ್ತತಕ್ಕದ್ದು. "ಅಯ್ಯೋ" ಎನ್ನಲು ಅವಕಾಶವಿದೆ, "ಎಷ್ಟು ಹಗುರ" ಎಂಬುದನ್ನು ಮನಸ್ಸಿನಲ್ಲಿ ಹೇಳಿಕೊಳ್ಳತಕ್ಕದ್ದು. "ನನ್ನ ಕೈಚೀಲಕ್ಕಿಂತ ಹಗುರ ಇದೆ ಕಣ್ರೀ" ಎಂಬ ಬೆರಳಚ್ಚುಗಾರ್ತಿಯವರ ಹೇಳಿಕೆಯನ್ನು ತೂಗಿ ನೋಡಲಾಗಿ ಸತ್ಯವೆಂದು ಕಂಡುಬಂದಿದ್ದು, ಕೈಚೀಲದಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಅಧೀಕ್ಷಕರು ಕೇಳಿ, ನಂತರ ತಾವಾಗಿಯೇ ಹಿಂಪಡೆದಿರುತ್ತಾರೆ.

೬. ಹರಿಯುವ ಪ್ರಯತ್ನ. ನಿಯಮದಲ್ಲಿ "ಕೈಯಿಂದ" ಎಂದಿರುವುದರಿಂದ ಮೊದಲು ಕೈಯಿಂದಲೇ ಪ್ರಯತ್ನಿಸಲಾಯಿತು. ಅಧೀಕ್ಷಕರು ಹ್ಯಾಂಡಲನ್ನೂ ಉಗ್ರಾಣಪಾಲಕರು ಹಿಂದಿನ ಚಕ್ರವನ್ನೂ ಹಿಡಿದು ಎಳೆದರು. ಹನ್ನೆರಡು ನಿಮಿಷಗಳಲ್ಲಿ ಹರಿದದ್ದು ಅಧೀಕ್ಷಕರ ಅಂಗಿಯ ಎಡತೋಳು ಮಾತ್ರ. ಅದನ್ನು ಕಾರ್ಬನ್ನಿನ ನಾಲ್ಕನೇ ಒಂದು ಭಾಗವೆಂದು ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಆಗ ಅಧೀಕ್ಷಕರು "ಬಡಗೀನ ಕರೀರಿ, ಗರಗಸ ತರ್ಲಿ" ಎಂದರು. ಮೂಲೆಯಲ್ಲಿ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದ ರವಾನೆ ಗುಮಾಸ್ತರ ಕೈ ನಿಂತುಹೋದದ್ದನ್ನು ಬೆರಳಚ್ಚುಗಾರ್ತಿಯವರು ಗಮನಿಸಿದರು. "ಏನ್ರೀ, ಲಕೋಟೆಗೆ ಹಾಕೋ ಅರಗನ್ನ ನಿಮ್ಮ ಬಾಯಿಗೂ ಹಾಕ್ಕೊಂಡಿದೀರಾ? ದಿನಾ ಅದನ್ನ ಮಗು ಹಾಗೆ ಹೊತ್ಕೊಂಡು ಓಡಾಡ್ತೀರ. ಒಂದು ಮಾತು ಆಡ್ಬಾರ್ದಾ?" ಎಂದರು. ಗುಮಾಸ್ತರು ಎದ್ದು ನಿಂತರು. ಎಲ್ಲರೂ ತಿರುಗಿ ನೋಡಿದರು. "ಗರಗಸಕ್ಕೆ ಬೇಡಿಕೆ ಪತ್ರ ಬೇಕಾಗುತ್ತೆ ಸಾರ್" ಎಂದು ಹೇಳಿ ಕುಳಿತರು. ಬೇಡಿಕೆ ಪತ್ರವನ್ನು ಅವರೇ ಬರೆದು, ಅವರೇ ರವಾನಿಸಿ, ವಿಳಾಸ ಸರಿಯಿಲ್ಲವೆಂದು ಅದು ಮರಳಿ ಬಂದಾಗ ಅವರೇ ಸ್ವೀಕರಿಸಿರುತ್ತಾರೆ. ಇದಕ್ಕೆ ಒಂಬತ್ತು ದಿನ ತಗುಲಿದೆ.

೭. ನಕಲು ಪರೀಕ್ಷೆ. ಪ್ರತಿ ತೆಗೆಯಲು ಬರುವ ಕಾರ್ಬನ್ನನ್ನು ಹರಿಯಬೇಕಾಗಿಲ್ಲವೆಂಬ ಉಪನಿಯಮವನ್ನು ಸದರಿ ಒಂಬತ್ತು ದಿನಗಳಲ್ಲಿ ಗುಮಾಸ್ತರು ಹಳೆಯ ಕಡತವೊಂದರಲ್ಲಿ ಹುಡುಕಿ ಮಂಡಿಸಿದರು. ಅದರಂತೆ ಪಡಸಾಲೆಯಲ್ಲಿ ಮೂರು ಬಿಳಿ ಹಾಳೆಗಳನ್ನು ಸಾಲಾಗಿ ಹಾಸಿ, ಕಾರ್ಬನ್ನನ್ನು ಅವುಗಳ ಮೇಲೆ ಹಾಯಿಸಲಾಯಿತು. ಅಂದು ಬೆಳಿಗ್ಗೆ ಗುಮಾಸ್ತರು ಪೈಪಿಗೆ ಅಗೆದ ರಸ್ತೆಯಿಂದ ಬಂದಿದ್ದರಿಂದ ಮೂರೂ ಹಾಳೆಗಳ ಮೇಲೆ ಟೈರಿನ ಅಚ್ಚು ಮೂಡಿತು. "ಮೂರೂ ಒಂದೇ ಥರ ಇದೆಯಲ್ರೀ! ನಮ್ಮ ಹಾಳೆ ಕಾರ್ಬನ್ನಲ್ಲಿ ಮೂರನೇದು ಕಾಣೋದೇ ಇಲ್ಲ" ಎಂದು ಅಧೀಕ್ಷಕರು ಮೆಚ್ಚಿ, ಕಾರ್ಬನ್ನು ಸುಸ್ಥಿತಿಯಲ್ಲಿದೆ ಎಂದು ಟೈರಿನ ಅಚ್ಚಿನ ಮೇಲೆಯೇ ರುಜು ಹಾಕಿರುತ್ತಾರೆ. ಗರಗಸದ ಪ್ರಸ್ತಾಪವನ್ನು ಕೈಬಿಡಲಾಗಿದೆ. ಆ ದಿನ ಮಧ್ಯಾಹ್ನ ರವಾನೆ ಗುಮಾಸ್ತರು ತಮ್ಮಷ್ಟಕ್ಕೆ ನಕ್ಕಿದ್ದು ಶಾಖೆಯ ಇತಿಹಾಸದಲ್ಲಿ ಮೊದಲನೆಯದು.

೮. ಬೀಳ್ಕೊಡುಗೆ. ಅದೇ ದಿನ ಉಗ್ರಾಣಪಾಲಕರು ಕಾರ್ಬನ್ನನ್ನು ತಮ್ಮ ಒರೆಸುವ ಬಟ್ಟೆಯಿಂದ ಒರೆಸುತ್ತ ಈ ಮಾತುಗಳನ್ನು ಆಡಿದ್ದು, ಅವನ್ನು ಯಥಾವತ್ತಾಗಿ ದಾಖಲಿಸಿದೆ: "ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಒಳಗೆ ತಗೊಂಡ ಸಾಮಾನೆಲ್ಲ ಖರ್ಚಾಗಿ ಹೋಯ್ತು ಸಾರ್. ಪೆನ್ಸಿಲ್ಲು, ಗೋಂದು, ಟ್ಯಾಗು, ಎಲ್ಲ. ಇದೊಂದೇ ನಿಂತಿದ್ದು. ದಿನಾ ಬೆಳಿಗ್ಗೆ ಬಂದು ಇದು ಇದೆಯಾ ಅಂತ ನೋಡಿದ್ರೆ ನಾನೂ ಇದೀನಿ ಅನ್ನಿಸ್ತಿತ್ತು." ಅಧೀಕ್ಷಕರು ಇನ್ನೂ ಹೊಲಿಸದ ಅಂಗಿಯ ಉಳಿದ ತೋಳಿನಿಂದ ಕಣ್ಣೊರೆಸಿಕೊಂಡು, ಸದರಿ ಕಾರ್ಬನ್ನನ್ನು ನಿವೃತ್ತಿಯ ಸ್ಮರಣಿಕೆಯಾಗಿ ಉಗ್ರಾಣಪಾಲಕರಿಗೇ ನೀಡತಕ್ಕದ್ದೆಂದು ಅಲ್ಲಿಯೇ ಆದೇಶಿಸಿರುತ್ತಾರೆ. ವಹಿಯಲ್ಲಿ "ಗೌರವಪೂರ್ವಕ ವಿತರಣೆ" ಎಂದು ಬರೆದರೆ ಕಾಟು ಹೊಡೆಯುವ ಪ್ರಮೇಯವಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ. ಖಚಿತಪಡಿಸಿದವರು ರವಾನೆ ಗುಮಾಸ್ತರು. ಅವರ ಅಕ್ಷರ ಈ ಕರಡಿನ ಆ ಒಂದು ಸಾಲಿನಲ್ಲಿ ಮಾತ್ರ ಸ್ವಲ್ಪ ಓರೆಯಾಗಿದೆ.

೯. ಉಗ್ರಾಣಪಾಲಕರಿಗೆ ಸೈಕಲ್ ತುಳಿಯಲು ಬಾರದು. ಆದಕಾರಣ ರವಾನೆ ಗುಮಾಸ್ತರು ಪ್ರತಿದಿನ ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಮೈದಾನದಲ್ಲಿ ಅವರಿಗೆ ಕಲಿಸತಕ್ಕದ್ದು. ಸೀಟಿನ ಹಿಂಭಾಗವನ್ನು ಹಿಡಿದು ಓಡತಕ್ಕದ್ದು. ಮೂರು ದಿನ ಮುಂಚಿತವಾಗಿ ಲಿಖಿತ ತಿಳುವಳಿಕೆ ನೀಡದೆ ಹಿಂದಿನಿಂದ ಕೈ ಬಿಡತಕ್ಕದ್ದಲ್ಲ. ಬಿದ್ದಲ್ಲಿ ಮೊದಲು ಉಗ್ರಾಣಪಾಲಕರನ್ನು ಎತ್ತತಕ್ಕದ್ದು, ನಂತರ ಕಾರ್ಬನ್ನನ್ನು. ಈ ಅನುಕ್ರಮವನ್ನು ಗುಮಾಸ್ತರಿಗೆ ವಿಶೇಷವಾಗಿ ನೆನಪಿಸಲಾಗಿದೆ.

೧೦. ಎಂಟು ವರ್ಷಗಳ ಅನುಭವವನ್ನು ಒಂದು ಪುಟಕ್ಕೆ ಮೀರದಂತೆ ಬರೆದು ಹಸ್ತಾಂತರಿಸಲು ಗುಮಾಸ್ತರಿಗೆ ಸೂಚಿಸಲಾಗಿದ್ದು, ಅವರು ಹನ್ನೊಂದು ಪುಟ ಬರೆದಿರುತ್ತಾರೆ. ಮಳೆಯಲ್ಲಿ ನೆನೆದರೆ ಚೈನನ್ನು ಹಳೆಯ ಬನಿಯನ್ನಿನಿಂದಲೇ ಒರೆಸಬೇಕು, ಟವೆಲಿನ ನೂಲು ಸಿಕ್ಕಿಕೊಳ್ಳುತ್ತದೆ. ತಿರುಪುಗಳನ್ನು ಮಣಿಕಟ್ಟಿನ ಬಲದಿಂದಷ್ಟೇ ಬಿಗಿಯಬೇಕು, ತೋಳಿನ ಬಲ ಹಾಕಿದರೆ ಕಾರ್ಬನ್ನು ಒಂದು ದಿನ ಹೇಳದೆ ಕೇಳದೆ ಬಿರಿಯುತ್ತದೆ. ಟೈರಿಗೆ ಟ್ಯೂಬಿಲ್ಲ, ಒಳಗೆ ಹಾಲಿನಂಥ ದ್ರವವಿದೆ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ತುಂಬಿಸದಿದ್ದರೆ ಒಣಗಿಹೋಗುತ್ತದೆ. ಒಣಗಿದ್ದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಬರೆಯಬಲ್ಲವರು ಇಷ್ಟು ವರ್ಷ ಬರೀ ವಿಳಾಸ ಬರೆಯುತ್ತಿದ್ದರಲ್ಲ ಎಂದು ಅಧೀಕ್ಷಕರು ಆಶ್ಚರ್ಯ ವ್ಯಕ್ತಪಡಿಸಿರುತ್ತಾರೆ.

೧೧. ಆಕ್ಷೇಪಣೆಗಳಿದ್ದಲ್ಲಿ ಈ ಸುತ್ತೋಲೆ ಹೊರಬಿದ್ದ ಏಳನೇ ದಿನ ಸಂಜೆ ಐದು ಗಂಟೆಯೊಳಗೆ ಪಡಸಾಲೆಯ ಪೆಟ್ಟಿಗೆಗೆ ಹಾಕತಕ್ಕದ್ದು. ಪೆಟ್ಟಿಗೆಯ ಬೀಗದ ಕೈ ರವಾನೆ ಗುಮಾಸ್ತರ ಬಳಿ ಇರುತ್ತದೆ. ತಮ್ಮ ಆಕ್ಷೇಪಣೆಯನ್ನು ತಾವೇ ಸ್ವೀಕರಿಸಿ ತಾವೇ ತಿರಸ್ಕರಿಸಲು ಗುಮಾಸ್ತರಿಗೆ ಅಡ್ಡಿಯಿಲ್ಲ.

(ರುಜು)
ಅಧೀಕ್ಷಕರು, ಲೇಖನ ಸಾಮಗ್ರಿ ಶಾಖೆ
(ಅಂಗಿ ಹೊಲಿಗೆಗೆ ಹೋಗಿರುವ ಕಾರಣ ಕೋಟು ಧರಿಸಿ ರುಜು ಹಾಕಿದೆ)

ಪ್ರತಿಗಳು:
೧. ಉಗ್ರಾಣಪಾಲಕರಿಗೆ, ಹತ್ತುವ ಹಾಗೂ ಸಾಧ್ಯವಾದಲ್ಲಿ ಇಳಿಯುವ ಅಭ್ಯಾಸಕ್ಕಾಗಿ.
೨. ಬೆರಳಚ್ಚುಗಾರ್ತಿಯವರಿಗೆ, ಕೈಚೀಲದಲ್ಲಿ ಜಾಗವಿದ್ದಲ್ಲಿ.
೩. ಬಡಗಿಗೆ, ಬರುವುದು ಬೇಡವೆಂದು. ಬಂದಾಗಿದ್ದರೆ ಅಧೀಕ್ಷಕರ ಮೇಜಿನ ಕಾಲು ನೋಡಿ ಹೋಗುವುದೆಂದು.
೪. ಕಾರ್ಬನ್ ಹಾಳೆ ಸರಬರಾಜುದಾರರಿಗೆ, ಹನ್ನೊಂದು ಬೇಡಿಕೆ ಪತ್ರಗಳಿಗೆ ಉತ್ತರ ಇನ್ನೂ ಬಂದಿಲ್ಲವೆಂದು.
೫. ಸೂಚನಾ ಫಲಕಕ್ಕೆ, ಹಿಂದಿನ ಸುತ್ತೋಲೆಯ ಮೇಲೆ ಅಂಟಿಸಲು.
೬. ರವಾನೆ ಗುಮಾಸ್ತರಿಗೆ, ಮೇಲ್ಕಂಡ ಎಲ್ಲರಿಗೂ ನಡೆದು ಹೋಗಿ ತಲುಪಿಸಲು.

ಷರಾ: ಏಳನೇ ದಿನ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ರವಾನೆ ಗುಮಾಸ್ತರು ಪೆಟ್ಟಿಗೆಯ ಮುಂದೆ ನಿಂತಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಉಗ್ರಾಣಪಾಲಕರು ಕುಂಟುತ್ತ ಬಂದು, "ಏನಪ್ಪಾ, ಏನಾದ್ರೂ ಹಾಕೋದಿತ್ತಾ?" ಎಂದು ಕೇಳಿದರು. "ಇಲ್ಲ ಸಾರ್, ತೆಗೆಯೋಕೆ ಬಂದೆ" ಎಂದರು ಗುಮಾಸ್ತರು. "ಇವತ್ತು ಬೆಳಿಗ್ಗೆ ಒಂದು ಗಳಿಗೆ ನೀನು ಕೈ ಬಿಟ್ಟಿದ್ದೆ ಅಲ್ವಾ? ನಂಗೆ ಗೊತ್ತಾಯ್ತು. ಆದ್ರೂ ಬೀಳ್ಲಿಲ್ಲ ನೋಡು" ಎಂದು ಉಗ್ರಾಣಪಾಲಕರು ಹಿಗ್ಗಿನಿಂದ ಅವರ ಬೆನ್ನು ತಟ್ಟಿ ಮೆಟ್ಟಿಲಿಳಿದು ಹೋದರು. ಐದು ಗಂಟೆಗೆ ಪೆಟ್ಟಿಗೆಯನ್ನು ತೆರೆಯಲಾಗಿ ಖಾಲಿ ಇತ್ತು. "ಆಕ್ಷೇಪಣೆ: ಇಲ್ಲ" ಎಂದು ಬರೆದು ಮುದ್ರೆ ಒತ್ತಲಾಯಿತು. ಸೈಕಲ್ಲು ತಮ್ಮದೆಂದು ರವಾನೆ ಗುಮಾಸ್ತರು ಯಾರಿಗೂ ಹೇಳಲಿಲ್ಲ.