ಅಂಗಳದ ಚರ್ಮ

ಎಪ್ಪತ್ತೆರಡರ ಬಕ್ರೀದಿನಲ್ಲಿ ಒಂದು ಮೂಳೆ ಕಡಿಯಲು ಹೋಗಿ ಪೀರಸಾಬನಿಗೆ ತನ್ನ ಮೇಲಿನ ಮುಂದಿನ ಹಲ್ಲಿನ ವಸಡು ಸರಿದು ಬೇರು ಕಾಣುತ್ತಿರುವುದು ಗೊತ್ತಾಯಿತು. ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಪೀರಸಾಬ ಜೋರಾಪುರ ಪೇಟೆಯ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವನು. ವಾದ್ಯದ ಮೂತಿ ನಿಲ್ಲುವುದೇ ಆ ಹಲ್ಲಿನ ಕೆಳಗೆ. ಹಲ್ಲು ಹೋದರೆ ಕ್ಲಾರಿಯೋನೆಟ್ ಅದೇ ಬ್ಯಾಂಡಿನಲ್ಲಿ ಡೋಲು ಬಾರಿಸುವ ಬಂದೇನವಾಜನ ಪಾಲು. ಮುಂದಿನ ವಾರ ಬಬಲೇಶ್ವರದಲ್ಲಿ ಮದುವೆ ಬೇರೆ ಇತ್ತು.

ಮರುದಿನ ಬೆಳಿಗ್ಗೆ ಹಲ್ಲಿನ ಡಾಕ್ಟರು ನೋಡಿ, "ಕಸಿ ಮಾಡಬೇಕ್ರಿ. ಪರದೇಶದಾಗ ಸತ್ತವರ ಚರ್ಮ ಒಣಗಿಸಿ ಹಚ್ಚಿ ನೋಡಾಕತ್ತಾರಂತ. ನಿಮಗ ನಿಮ್ಮ ಅಂಗಳದ್ದೇ ಚಲೋ ಹಿಡೀತೈತಿ. ಸಂಜಿಗೆ ಬರ್ರಿ," ಎಂದು ಬಾಯಿಯ ಮೇಲ್ಛಾವಣಿ ಮುಟ್ಟಿ ತೋರಿಸಿದರು.

ಮನೆಗೆ ಬಂದಾಗ ಪಕ್ಕದ ಮನೆಯ ರಾಚವ್ವ ವಿಚಾರಿಸಿದಳು.

"ಅಂಗಳದ ಚರ್ಮ ಹಚ್ಚತಾರಂತ ಬೇ," ಎಂದು ಪೀರಸಾಬ ಒಳಗೆ ಹೋಗಿ ಮಲಗಿದ.

ರಾಚವ್ವ ಅವನ ಅಂಗಳ ನೋಡಿದಳು. ಹಬ್ಬದ ಹೋತಿನ ಚರ್ಮ ಉಪ್ಪು ಸವರಿಸಿಕೊಂಡು ಒಣಗುತ್ತಿತ್ತು.

ಅವನು ಎದ್ದು ಬರುವಷ್ಟರಲ್ಲಿ ಅರ್ಧ ಓಣಿ ಅಲ್ಲಿ ನೆರೆದಿತ್ತು. ಟಿಕೋಟದಿಂದ ಕುರಿ ಮಾರಲು ಬಂದಿದ್ದ ರಾಚವ್ವನ ತಮ್ಮ ಧೂಳಪ್ಪ ಚರ್ಮವನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ.

"ಹೋತಿಂದು ಬಿಗಿ ಆಗತೈತ್ರಿ ಸಾಬ್ರ. ನಕ್ಕರ ತುಟಿ ಜಗ್ಗತೈತಿ. ಕುರಿದು ಹಾಕಿಸಿಕೊಳ್ರಿ, ಮೆತ್ತಗ."

"ಕುರಿದು ಮಳಿಗಾಲದಾಗ ನಾರತೈತೋ," ಎಂದಳು ರಾಚವ್ವ. "ಬಾಯಾಗ ಇರೂ ಸಾಮಾನ."

"ಕೂದಲಾ ಬೋಳಿಸಿ ಹಚ್ಚತಾರೋ ಹಂಗೇನೋ, ಮದಲ ಅದನ್ನ ಕೇಳ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಪೀರಸಾಬ ಬಾಯಿ ತೆರೆದು ಬೆರಳಿಟ್ಟು ತೋರಿಸಿದ. "ಈ ಅಂಗಳ, ಯಪ್ಪಾ. ಇದು."

ಧೂಳಪ್ಪ ಬಗ್ಗಿ ಇಣುಕಿದ. "ಇಷ್ಟ ಸಣ್ಣ ಜಾಗಕ್ಕ ಇಡೀ ಚರ್ಮ ಯಾಕ ಬೇಕ್ರಿ? ಉಳಿದದ್ದೇನ ಮಾಡ್ತೀರಿ?"

ಪೀರಸಾಬ ದವಾಖಾನೆಯ ದಾರಿ ಹಿಡಿದ.

ಸಂಜೆ ಅವನದೇ ಅಂಗಳದ ತುಣುಕನ್ನು ವಸಡಿಗೆ ಹೊಲಿದು, ಡಾಕ್ಟರು ಕೈ ತೊಳೆಯುತ್ತ ಹೇಳಿದರು: "ಹಲ್ಲ ಉಳೀತ್ರಿ. ಎರಡ ತಿಂಗಳ ಮಾತ್ರ ಏನೂ ಊದಬ್ಯಾಡ್ರಿ."

ಬಾಯಿ ತುಂಬ ಹತ್ತಿ ಇದ್ದುದರಿಂದ ಪೀರಸಾಬನಿಗೆ ಬೈಯಲೂ ಆಗಲಿಲ್ಲ.

ಮನೆಯ ಕಟ್ಟೆಯ ಮೇಲೆ ಬ್ಯಾಂಡ್ ಮಾಸ್ತರ ಹಸನಸಾಬರು ಕುಳಿತಿದ್ದರು. ಪೀರಸಾಬ ಎರಡು ಬೆರಳೆತ್ತಿ, ಊದುವ ಸನ್ನೆ ಮಾಡಿ, ಕೈಯಾಡಿಸಿದ. ಮಾಸ್ತರರಿಗೆ ಅರ್ಥವಾಯಿತು.

"ಇರಲಿ ಬಿಡೋ. ಅಲ್ಲೀತನಕ ಬಂದೇನವಾಜ ಊದತಾನ. ನೀ ಡೋಲ ಬಾರಸು. ಹರಿದಿತ್ತು, ಚರ್ಮ ಹಾಕಾಕ ಇವತ್ತ ಕೊಟ್ಟೀನಿ."

ಪೀರಸಾಬ ಅಂಗಳದತ್ತ ತಿರುಗಿದ. ಅದು ಖಾಲಿಯಿತ್ತು.

"ಉಳಿದದ್ದು ಯಾಕ ಕೆಡಸೂದಂತ ಧೂಳಪ್ಪ ಕೊಟ್ಟ," ಎಂದರು ಮಾಸ್ತರರು. "ನಿನ್ನ ಅಂಗಳದ್ದೇ ಐತಿ. ಚಲೋ ಹಿಡೀತೈತಿ."