ಸೆಲ್ಲುಗಳಿಗೆ ಸಾಲಾವಳಿ

ನಮ್ಮ ಸೋದರಮಾವನಿಂದ ಪ್ರೀತಿ ಬೇಕೆಂದರೆ ನೀವು ಬ್ಯಾಟರಿಯಾಗಿ ಹುಟ್ಟಿರಬೇಕು! ಸಹಕಾರನಗರದ ಅವರ ಮನೆಗೆ ಹೋದರೆ "ಬಾರೋ" ಅನ್ನುವ ಮೊದಲೇ "ಫ್ಯಾನ್ ಹಾಕ್ಬೇಡ!" ಎಂಬ ಸ್ವಾಗತ. ಗಾಳಿ ಬಂದರೆ ಬೆಸುಗೆ ಸರಿಯಾಗಿ ಕೂರುವುದಿಲ್ಲವಂತೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆವರುತ್ತಾ ಕೂತ ನೆಂಟರಿಗೆ ಅತ್ತೆಯೇ ಮಜ್ಜಿಗೆ ಕೊಟ್ಟು ಸಮಾಧಾನ ಹೇಳಬೇಕು.

ಕೆಲಸದಿಂದ ನಿವೃತ್ತರಾದ ಮೇಲೆ ಮಾವನಿಗೆ ಹಿಡಿದ ಹುಚ್ಚು ಇದು: ರಿಮೋಟಿನಲ್ಲಿ ಓಡುವ ಪುಟ್ಟ ರೇಸ್ ಕಾರುಗಳಿಗೆ ಬ್ಯಾಟರಿ ಪ್ಯಾಕ್ ಕಟ್ಟುವುದು. ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಅದನ್ನು ಕೊಂಡರೆ ಮಾವನ ಮರ್ಯಾದೆ ಏನಾಗಬೇಕು! ಬಿಡಿ ಸೆಲ್ಲುಗಳನ್ನು ತಂದು, ಒಂದೊಂದನ್ನೂ ಚಾರ್ಜ್ ಮಾಡಿ, ಖಾಲಿ ಮಾಡಿ, ಯಾವುದು ಎಷ್ಟು ಹೊತ್ತು ತಾಳುತ್ತದೆಂದು ನೋಡಿ, ಸರಿಸಮ ಇರುವ ಆರನ್ನು ಮಾತ್ರ ಜೋಡಿಸಿ ಬೆಸೆಯುತ್ತಾರೆ. ಒಂದು ಸೋಮಾರಿ ಸೇರಿಕೊಂಡರೂ ಇಡೀ ಪ್ಯಾಕ್ ಕೆಡುತ್ತದಂತೆ. ಸೋಮಾರಿಗಳೆಲ್ಲ ಅತ್ತೆಯ ಖಾಲಿ ಉಪ್ಪಿನಕಾಯಿ ಜಾಡಿಗೆ.

"ನಮ್ಮ ಮದುವೆಗೇ ಇಷ್ಟು ಸಾಲಾವಳಿ ನೋಡಿರ್ಲಿಲ್ಲ ಕಣೋ," ಎಂದರು ಅತ್ತೆ ನನ್ನ ಕಡೆ ತಿರುಗಿ.

"ನೋಡಿದ್ರೆ ನೀನು ಜಾಡಿಲಿ ಇರ್ತಿದ್ದೆ," ಎಂದರು ಮಾವ.

"ನಾನಾ? ಊಟ ಆದ್ ತಕ್ಷಣ ಖಾಲಿಯಾಗಿ ಗೊರಕೆ ಹೊಡೆಯೋರು ಯಾರ್ರೀ?"

ಹೀಗಿದ್ದ ಅತ್ತೆಗೆ ಹೋದ ವರ್ಷ ಮಂಡಿ ಆಪರೇಷನ್ ಆಯಿತು. ದಿನಾ ನಡೆಯದಿದ್ದರೆ ಮಂಡಿ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅತ್ತೆಗೆ ನೋವಿಗಿಂತ ಬೀಳುವ ಭಯ. ಹುರಿದುಂಬಿಸಲು ಮಾವ ಪಾರ್ಕಿಗೆ ಕಾರು ತಂದರು. "ಇದರ ಹಿಂದೆ ಬಾ!" ಅನ್ನುವಷ್ಟರಲ್ಲಿ ಅದು ಅತ್ತೆಯ ವಾಕರಿನ ಕಾಲುಗಳ ನಡುವೆ ನುಗ್ಗಿ, ಕಡಲೆಕಾಯಿ ತಿನ್ನುತ್ತಿದ್ದವರನ್ನೆಲ್ಲ ಹಾರಿ ಬೀಳಿಸಿ, ಪೊದೆ ಸೇರಿತ್ತು!

"ಇನ್ಮೇಲೆ ನಾನು ಪಾರ್ಕಿಗೆ ಬರಲ್ಲ ರೀ," ಎಂದ ಅತ್ತೆ, ಮನೆಯಲ್ಲೇ ಕುರ್ಚಿ ಹಿಡಿದು ಕೂತುಬಿಟ್ಟರು.

ಮುಂದಿನ ಭಾನುವಾರ ಹೋದರೆ ಮತ್ತೆ ಫ್ಯಾನ್ ಬಂದ್, ಮಾವ ಬೆಸುಗೆಯಲ್ಲಿ! ನನಗೆ ರೇಗಿತು. ಹತ್ತಿರ ಹೋಗಿ ನೋಡಿದರೆ ಬೆಸೆಯುತ್ತಿದ್ದದ್ದು ಜಾಡಿಯ ಸೋಮಾರಿಗಳನ್ನು. ಅದೂ ಆರಲ್ಲ, ನಾಲ್ಕೇ.

"ಇದ್ರಲ್ಲಿ ಕಾರು ಓಡಲ್ವಲ್ಲ ಮಾವ?"

"ಓಡ್ಬಾರ್ದು ಕಣೋ. ನಡೀಬೇಕು."

"ಆ ಆರು ಸೆಲ್ಲಿನ ಪ್ಯಾಕಲ್ಲೇ ರಿಮೋಟ್ ಮೆಲ್ಲಗೆ ಒತ್ತಿದ್ರೆ ಸಾಕಲ್ವಾ?"

ಮಾವ ತಲೆ ಎತ್ತಲಿಲ್ಲ. "ನನ್ ಬೆರಳಿನ ಮೇಲೆ ನಂಗೇ ನಂಬಿಕೆ ಇಲ್ಲ. ರಿಮೋಟ್ ಕೈಗೆ ಸಿಕ್ರೆ ಪೂರ್ತಿ ಒತ್ಬಿಡ್ತೀನಿ. ಇದಾದ್ರೆ, ಎಷ್ಟು ಒತ್ತಿದ್ರೂ ಅವಳನ್ನ ಬಿಟ್ಟು ಮುಂದೆ ಹೋಗಲ್ಲ."

ಆಮೇಲೆ ದಿನಾ ಸಂಜೆ ಕಾರು ಮುಂದೆ ತೆವಳುತ್ತಿತ್ತು, ಅತ್ತೆ ಬೈಯುತ್ತಾ ಹಿಂದೆ ಹೆಜ್ಜೆ ಇಡುತ್ತಿದ್ದರು. ಮೊದಲು ವಾಕರ್ ಹೋಯಿತು, ಆಮೇಲೆ ಕೋಲೂ ಹೋಯಿತು. ಮೊನ್ನೆ ಪಾರ್ಕಿನಲ್ಲಿ ಅತ್ತೆ ಕಾರನ್ನು ದಾಟಿ ಮುಂದೆ ಹೋಗಿ, ಹಿಂತಿರುಗಿ ಕೂಗಿದರು: "ಏನ್ರೀ, ಬರೋಕಾಗಲ್ವಾ ನಿಮ್ ಕೈಲಿ?"

ರೇಸಿನಲ್ಲಿ ಸೋತರೆ ಎರಡು ಹೊತ್ತು ಊಟ ಬಿಡುವ ನಮ್ಮ ಮಾವ, ರಿಮೋಟನ್ನು ಇನ್ನೂ ಪೂರ್ತಿ ಒತ್ತಿಹಿಡಿದುಕೊಂಡೇ ಕಣ್ಣೊರೆಸಿಕೊಂಡರು.